ಲಕ್ಷಣಗಳ ಪಟ್ಟಿ

1864ರ ಜನವರಿ. ಅಮೆರಿಕದ ಇಲಿನಾಯ್ ರಾಜ್ಯದ ಕಂಕಕೀ ಎಂಬ ಊರಿನ ನ್ಯಾಯಾಲಯದಲ್ಲಿ ವೈದ್ಯರೊಬ್ಬರು ಸಾಕ್ಷಿ ನುಡಿಯುತ್ತಿದ್ದರು. ಎಲಿಜಬೆತ್ ಪ್ಯಾಕರ್ಡ್ ಎಂಬ ಗೃಹಿಣಿಗೆ ಬುದ್ಧಿಭ್ರಮಣೆಯಾಗಿದೆಯೇ ಎಂಬುದು ವಿಚಾರಣೆಯ ಪ್ರಶ್ನೆ. ಆಕೆಯನ್ನು ಪರೀಕ್ಷಿಸಲು ಅವರು ಹೊಲಿಗೆ ಯಂತ್ರ ಮಾರುವವರ ಸೋಗಿನಲ್ಲಿ ಮನೆಗೆ ಹೋಗಿದ್ದರು. ಯಂತ್ರದ ವಿಚಾರದಲ್ಲಿ ಆಕೆಯ ಮಾತು ಸಮಂಜಸವಾಗಿಯೇ ಇತ್ತು ಎಂದು ಅವರೇ ಒಪ್ಪಿದರು. ಸ್ತ್ರೀಯ ಸ್ಥಾನಮಾನದ ವಿಚಾರದಲ್ಲಿ ಮಾತ್ರ ಆಕೆಯ ಅಭಿಪ್ರಾಯ ತಮ್ಮದಕ್ಕೆ ತೀರ ಭಿನ್ನವಾಗಿತ್ತು ಎಂದರು. ಅನಂತರ ರೋಗಲಕ್ಷಣಗಳನ್ನು ಒಂದೊಂದಾಗಿ ಹೇಳಿದರು. ಅವುಗಳಲ್ಲಿ ಒಂದು ಹೀಗಿತ್ತು: ತನ್ನನ್ನು ಹುಚ್ಚಿ ಎಂದರೆ ಆಕೆ ಸಹಿಸುವುದಿಲ್ಲ.

ಮನಸ್ಸು ಈ ಒಂದು ಲಕ್ಷಣದ ಬಳಿ ನಿಂತುಬಿಡುತ್ತದೆ. ಹುಚ್ಚಿ ಎನಿಸಿಕೊಳ್ಳುವುದು ಯಾರಿಗೆ ತಾನೇ ಹಿತ? ಒಪ್ಪಿದರೆ ರೋಗ ಸಿದ್ಧವಾಯಿತು. ನಿರಾಕರಿಸಿದರೆ ಇನ್ನಷ್ಟು ಸಿದ್ಧವಾಯಿತು. ಅತ್ತರೆ ಉದ್ವೇಗ, ನಕ್ಕರೆ ವಿಕಾರ, ಮೌನ ತಾಳಿದರೆ ವಿಷಾದ. ಒಬ್ಬರ ಬುದ್ಧಿಯ ಬಗ್ಗೆ ನಾವು ಒಮ್ಮೆ ತೀರ್ಮಾನಕ್ಕೆ ಬಂದರೆ, ಆ ಮೇಲೆ ಅವರು ಆಡಿದ್ದೆಲ್ಲ ಆ ತೀರ್ಮಾನದ ಪುರಾವೆಯಾಗುತ್ತದೆ. ಮಾತು ಕಿವಿಗೆ ಬೀಳುತ್ತದೆ, ಅರ್ಥ ಮಾತ್ರ ನಮ್ಮದೇ ಆಗಿರುತ್ತದೆ.

ಎಲಿಜಬೆತ್ ಆರು ಮಕ್ಕಳ ತಾಯಿ. ಪತಿ ಥಿಯೋಫಿಲಸ್ ಚರ್ಚಿನ ಪಾದ್ರಿ. ಮನುಷ್ಯ ಹುಟ್ಟಿನಿಂದಲೇ ಪಾಪಿ ಎಂಬ ಸಿದ್ಧಾಂತವನ್ನು ಅವರು ಬೋಧಿಸುತ್ತಿದ್ದರು. ಆಕೆ ಅದನ್ನು ಒಪ್ಪಲಿಲ್ಲ, ಒಪ್ಪದಿರುವುದನ್ನು ನಾಲ್ಕು ಜನರ ಎದುರೇ ಹೇಳಿದಳು. ಇಲಿನಾಯ್‌ನ 1851ರ ಕಾನೂನಿನಂತೆ, ವಿವಾಹಿತೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲು ಪತಿಯ ಕೋರಿಕೆ ಮತ್ತು ಆಸ್ಪತ್ರೆಯ ಮುಖ್ಯ ವೈದ್ಯರ ಸಮ್ಮತಿ ಸಾಕಿತ್ತು. ಉಳಿದವರ ವಿಷಯದಲ್ಲಿ ಕೇಳುತ್ತಿದ್ದ ಪುರಾವೆ ಅವಳ ವಿಷಯದಲ್ಲಿ ಬೇಕಿರಲಿಲ್ಲ. 1860ರ ಜೂನ್‌ನಲ್ಲಿ ಆಕೆಯನ್ನು ಜಾಕ್ಸನ್‌ವಿಲ್‌ನ ಆಸ್ಪತ್ರೆಗೆ ಒಯ್ದರು. ಕಿರಿಯ ಮಗುವಿಗೆ ಆಗ ಒಂದೂವರೆ ವರ್ಷ. ಮೂರು ವರ್ಷ ಕಳೆದು ಹೊರಬಂದಾಗ ಪತಿ ಮನೆಯ ಕೋಣೆಯೊಂದರಲ್ಲೇ ಕೂಡಿಹಾಕಿದರು, ಕಿಟಕಿಗೆ ಮೊಳೆ ಹೊಡೆಸಿದರು. ಆಕೆ ಹೇಗೋ ಹೊರಗೆ ದಾಟಿಸಿದ ಒಂದು ಚೀಟಿಯಿಂದ ಪ್ರಕರಣ ನ್ಯಾಯಾಲಯ ಮುಟ್ಟಿತು. ಪಂಚರು ಏಳೇ ನಿಮಿಷದಲ್ಲಿ ಆಕೆ ಸ್ವಸ್ಥಳೆಂದರು. ಅಷ್ಟರಲ್ಲಿ ಪತಿ ಮಕ್ಕಳನ್ನೂ ಮನೆಯ ಸಾಮಾನನ್ನೂ ಕಟ್ಟಿಕೊಂಡು ಮ್ಯಾಸಚೂಸೆಟ್ಸ್‌ಗೆ ಹೊರಟುಹೋಗಿದ್ದರು.

ಆ ಪಾದ್ರಿಯನ್ನು ಕ್ರೂರಿ ಎಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಹೆಂಡತಿಯ ಮಾತಿನಿಂದ ಮಕ್ಕಳ ಆತ್ಮಕ್ಕೆ ಕೇಡಾಗುತ್ತದೆಂದು ಅವರು ನಿಜವಾಗಿಯೇ ಅಂಜಿದ್ದಿರಬೇಕು. ನಮ್ಮ ಅಂಜಿಕೆಗಳೂ ಬಹುಮಟ್ಟಿಗೆ ಹೀಗೆಯೇ, ಹಿತಚಿಂತನೆಯ ವೇಷದಲ್ಲಿ ಬರುತ್ತವೆ. ಮನೆಯಲ್ಲಿ ಒಬ್ಬಳು ಎದುರು ಮಾತಾಡಿದರೆ "ಇವಳಿಗೆ ತಲೆ ಕೆಟ್ಟಿದೆ" ಎನ್ನಲು ನಮಗೆ ಹೆಚ್ಚು ಹೊತ್ತು ಬೇಡ. ವಿಚಿತ್ರವೆಂದರೆ, ನಿಜವಾಗಿ ಬಳಲುವವಳ ಎದುರಿಗೂ ನಾವು ಇಷ್ಟೇ ನಿಶ್ಚಿಂತರು. ಹೆರಿಗೆಯಾದವಳು ರಾತ್ರಿಯಿಡೀ ನಿದ್ದೆಯಿಲ್ಲದೆ ಕೂತಿದ್ದರೆ, ಮಗುವನ್ನು ಕಂಡರೆ ಭಯವಾಗುತ್ತದೆ ಎಂದರೆ, "ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ" ಎಂದುಬಿಡುತ್ತೇವೆ. ಬಾಣಂತಿ ಸನ್ನಿ ಎಂದು ಹಳೆಯ ತಲೆಮಾರು ಗುರುತಿಸಿದ ಸ್ಥಿತಿಗೆ ತಡಮಾಡದೆ ಚಿಕಿತ್ಸೆ ಬೇಕು. ಇಲ್ಲದ ರೋಗವನ್ನು ಆರೋಪಿಸುವುದು, ಇರುವ ರೋಗವನ್ನು ಅಲ್ಲಗಳೆಯುವುದು, ಎರಡೂ ಒಂದೇ ಅವಸರದ ಫಲ.

ರೋಗ ನಿಜವಿದ್ದಾಗಲೂ ಈ ಅವಸರ ತಪ್ಪುವುದಿಲ್ಲ. ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಮಗಳು ಹುಟ್ಟಿದ ಮೇಲೆ ತೀವ್ರ ಖಿನ್ನತೆಗೆ ಒಳಗಾದರು. 1887ರಲ್ಲಿ ವೀರ್ ಮಿಚೆಲ್ ಎಂಬ ಪ್ರಖ್ಯಾತ ವೈದ್ಯರು ಅವರಿಗೆ ವಿಶ್ರಾಂತಿ ಚಿಕಿತ್ಸೆ ನೀಡಿದರು. ಹಾಸಿಗೆ, ಪುಷ್ಟಿಕರ ಆಹಾರ, ಏಕಾಂತ. ಮನೆಗೆ ಮರಳಿದ ಮೇಲೆ ಗೃಹಕೃತ್ಯ, ಮತ್ತು ಬದುಕಿರುವವರೆಗೆ ಲೇಖನಿ ಮುಟ್ಟಬಾರದೆಂಬ ಕಟ್ಟಪ್ಪಣೆ. ಕೆಲವು ತಿಂಗಳು ಅವರು ಹಾಗೆಯೇ ನಡೆದುಕೊಂಡು ಇನ್ನಷ್ಟು ಕುಸಿದರು. ಕಡೆಗೆ ಬರವಣಿಗೆಗೆ ಮರಳಿ ಚೇತರಿಸಿಕೊಂಡರು. ವೈದ್ಯರ ವಿದ್ಯೆ ಅಲ್ಪವಾಗಿರಲಿಲ್ಲ, ಕಾಳಜಿಯೂ ಸುಳ್ಳಲ್ಲ. ತನಗೆ ಯಾವುದರಿಂದ ಹಿತವೆಂದು ಬಲ್ಲ ಒಬ್ಬಳು ಎದುರಿಗೇ ಇದ್ದಳು, ಅವಳನ್ನು ಕೇಳಬಹುದೆಂದು ತೋರಲಿಲ್ಲ, ಅಷ್ಟೆ.

ಎಲಿಜಬೆತ್ ಮುಂದೆ ಶಾಸನಸಭೆಗಳ ಬಾಗಿಲು ತಟ್ಟುತ್ತಲೇ ಆಯುಷ್ಯ ಸವೆಸಿದಳು. 1867ರಲ್ಲಿ ಇಲಿನಾಯ್ ಕಾನೂನು ಬದಲಾಯಿತು. ಪಂಚರ ವಿಚಾರಣೆಯಿಲ್ಲದೆ ಯಾರನ್ನೂ ಆಸ್ಪತ್ರೆಗೆ ತಳ್ಳುವಂತಿರಲಿಲ್ಲ. ಆಕೆ ಪಟ್ಟುಹಿಡಿದ ಇನ್ನೊಂದು ಸಂಗತಿ ನೋಡಲು ಅತಿ ಸಣ್ಣದು: ಒಳಗಿರುವವರು ಬರೆದ ಪತ್ರವನ್ನು ಯಾರೂ ತಡೆಯಬಾರದು. 1872ರಲ್ಲಿ ಅಯೋವಾ ರಾಜ್ಯ ಅದನ್ನು ಕಾನೂನಾಗಿಸಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಹೊರಗಿನವರೊಡನೆ ಫೋನಿನಲ್ಲಿ ಮಾತನಾಡುವ, ಇಮೇಲ್ ಕಳಿಸುವ ಹಕ್ಕು ಇದೆ. ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂಬ ನಿಯಮವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಶಿಶುವನ್ನು ಒಟ್ಟಿಗೇ ಇರಿಸಿಕೊಂಡು ಆರೈಕೆ ಮಾಡುವ ಪ್ರತ್ಯೇಕ ಘಟಕ ಆ ಕಾಯ್ದೆಗೂ ಮೊದಲೇ ಆರಂಭವಾಗಿತ್ತು. ಔಷಧ ಅಲ್ಲಿಯೂ ಉಂಟು, ನಿಗಾ ಅಲ್ಲಿಯೂ ಉಂಟು. ಮಗುವನ್ನು ಎತ್ತಿಕೊಳ್ಳಲು ಹೆದರಿಕೆಯಾಗುತ್ತದೆ ಎಂದು ತಾಯಿ ಹೇಳಿದರೆ, ಚಿಕಿತ್ಸೆ ಆ ಮಾತಿನಿಂದಲೇ ಶುರುವಾಗುತ್ತದೆ.