ಎರಡನೆಯ ಪರದೆ ಯಾರಿಗೆ?

ಅಮೆರಿಕದಲ್ಲಿ ಮನೆಯಂಥ ಮೋಟಾರಿನಲ್ಲೇ ಊರೂರು ಸುತ್ತುವ ಸಂಸಾರಗಳುಂಟು. ಛಾವಣಿಯ ಮೇಲೆ ಉಪಗ್ರಹದ ಆಂಟೆನಾ; ಒಳಗೆ ಕೂರುವಲ್ಲೊಂದು, ಮಲಗುವಲ್ಲೊಂದು ಟಿ.ವಿ. ಒಂದೇ ರಿಸೀವರಿನಿಂದ ಎರಡಕ್ಕೂ ತಂತಿ ಎಳೆದರೆ ಎರಡರಲ್ಲೂ ಒಂದೇ ಚಿತ್ರ. ರಿಸೀವರು ಎರಡಿದ್ದರೂ ಕೆಲವು ಚಿಕ್ಕ ಆಂಟೆನಾಗಳು ಒಮ್ಮೆಗೆ ಒಂದೇ ಉಪಗ್ರಹವನ್ನು ನೋಡಬಲ್ಲವು. ಅಪ್ಪ ಚಾನೆಲ್ ಬದಲಿಸಿ ಅದು ಅತ್ತ ತಿರುಗಿತೋ, ಒಳಗೆ ಮಗಳ ಚಿತ್ರ ಮಾಯ! ದುಡ್ಡಿದ್ದರೆ ಹಲವು ಉಪಗ್ರಹಗಳನ್ನು ಒಟ್ಟಿಗೇ ಹಿಡಿಯುವ ಆಂಟೆನಾ ಉಂಟು. ಕೊಳ್ಳಬೇಕೇ?

1987ರಲ್ಲಿ ನಾವು ಹುಡುಗರು ಭಾನುವಾರ ಬೆಳಿಗ್ಗೆ ದೂರದರ್ಶನದ ರಾಮಾಯಣಕ್ಕೆ ನೆರೆಮನೆಯಲ್ಲಿ ಒತ್ತಾಗಿ ಕೂರುತ್ತಿದ್ದೆವು. ಅದನ್ನು ಹೊಂದಾಣಿಕೆಯೆಂದು ಹೊಗಳಲಾರೆವು, ಇನ್ನೊಂದು ಟಿ.ವಿ. ಇರಲಿಲ್ಲ, ಅಷ್ಟೆ. ಪರದೆ ಒಂದೇ ಆದಾಗ ಬಿಟ್ಟುಕೊಡುತ್ತಿದ್ದವರು ಯಾರು? ರಿಮೋಟ್ ಹಿಡಿದವರಂತೂ ಅಲ್ಲ. ಮಗಳಿಗೆ ಅವಳದೇ ಪರದೆ ಇರಲಿ. ಅದನ್ನು ಆರಿಸಿ ಅಪ್ಪನ ಪಕ್ಕಕ್ಕೆ ಬಂದಳೆಂದರೆ, ಬರಲಿ.