ಏರಿಯ ಮೇಲಿನ ಹಾದಿ

ಮುಂಗಾರು ಹಿಡಿದರೆ ಗೋಕಾಕ ಫಾಲ್ಸಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಘಟಪ್ರಭೆ ಕುದುರೆ ಲಾಳದಂಥ ಬಂಡೆಯ ಅಂಚಿನಿಂದ ಸುಮಾರು 52 ಮೀಟರ್ ಕೆಳಗೆ ಬೀಳುವುದನ್ನು ನೋಡಲು ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರಗಳಿಂದ ಜನ ಬರುತ್ತಾರೆ. ಕೆಂಪು ನೀರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸುಟ್ಟ ಗೊಂಜಾಳ ತಿನ್ನುತ್ತಾರೆ, ಕರದಂಟಿನ ಡಬ್ಬಿ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ಹೊಳೆಯ ಜೊತೆ ಒಂದು ಹರದಾರಿ ನಡೆದು ನೋಡೋಣ ಎನ್ನುವವರು ಅಪರೂಪ. ಇದೇ ಜನ ಗೋಕರ್ಣಕ್ಕೆ ಹೋದರೆ ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳವರೆಗೆ ಗುಡ್ಡದಂಚಿನ ಕಾಲ್ದಾರಿ ಹಿಡಿದು ಬೆವರು ಸುರಿಸುತ್ತಾರೆ. ಕಡಲಿಗೆ ಕಾಲ್ದಾರಿ ಉಂಟೆಂದು ಅವರಿಗೆ ಯಾರೋ ಹೇಳಿದ್ದಾರೆ. ಹೊಳೆಗೂ ಉಂಟೆಂದು ಹೇಳಿದವರಿಲ್ಲ.

ಉಂಟು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಕಡಲಿಲ್ಲ ನಿಜ, ಆದರೆ ನೀರಿನ ದಂಡೆಗೆ ಬರವಿಲ್ಲ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಹರಿಯುತ್ತವೆ. ಹಿಡಕಲ್ಲಿನ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹಬ್ಬಿದೆ. ಧೂಪದಾಳದಿಂದ ಹೊರಟ ಎಡದಂಡೆ ಕಾಲುವೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗುತ್ತದೆ. ಈ ಕಾಲುವೆಯ ಏರಿಯ ಮೇಲೆ ಒಂದು ಹಾದಿಯಿದೆ. ಅದನ್ನು ಪ್ರವಾಸಿಗರಿಗಾಗಿ ಯಾರೂ ಮಾಡಲಿಲ್ಲ. ನೀರು ಎಲ್ಲಿ ಸೋರುತ್ತಿದೆ, ಏರಿ ಎಲ್ಲಿ ಕುಸಿದಿದೆ ಎಂದು ನೋಡಿಬರಲು ನೀರಾವರಿಯವರು ಮಾಡಿಕೊಂಡ ಹಾದಿ ಅದು.

ಇಂಥ ಹಾದಿಗೆ ಒಂದು ಗುಣವಿರುತ್ತದೆ. ಸೈಕಲ್ ತುಳಿಯುವವರಿಗೆ ಅದು ಬೇಗ ಗೊತ್ತಾಗುತ್ತದೆ. ನೀರು ಹರಿಯಲು ದೊಡ್ಡ ಇಳಿಜಾರು ಬೇಡ, ಕಿಲೋಮೀಟರಿಗೆ ಒಂದು ಗೇಣು ಇಳಿದರೂ ಸಾಕು. ಹೆಚ್ಚು ಇಳಿದರೆ ನೀರು ದಂಡೆಯನ್ನೇ ಕೊರೆಯುತ್ತದೆ, ಇಳಿಯದಿದ್ದರೆ ಹೂಳು ನಿಲ್ಲುತ್ತದೆ. ಹಾಗಾಗಿ ಕಾಲುವೆ ತೆಗೆದ ಎಂಜಿನಿಯರುಗಳು ದಿಬ್ಬ ಬಂದಲ್ಲಿ ಬಳಸಿ, ತಗ್ಗು ಬಂದಲ್ಲಿ ಮಣ್ಣೇರಿಸಿ, ನೆಲದ ಮಟ್ಟ ಹಿಡಿದೇ ಸಾಗಿದ್ದಾರೆ. ನೀರಿಗೆ ಹದವಾದ ದಾರಿ ಗಾಲಿಗೂ ಹದ. ಏರು ಬಂತೆಂದು ಇಳಿದು ತಳ್ಳಬೇಕಾಗಿಲ್ಲ, ಗೇರಿಲ್ಲದ ಹಳೆಯ ಸೈಕಲ್ಲೂ ಸಾಗುತ್ತದೆ. ಇಂಗ್ಲೆಂಡಿನಲ್ಲಿ ದೋಣಿ ಎಳೆಯುವ ಕುದುರೆಗಳಿಗಾಗಿ ಕಾಲುವೆಗಳ ಪಕ್ಕ ದಾರಿ ಮಾಡಿದ್ದರು. ದೋಣಿ ಎಳೆಯುವ ಕೆಲಸ ನಿಂತ ಮೇಲೆ ಅವು ನಡೆಯುವವರಿಗೂ ಸೈಕಲ್ಲಿನವರಿಗೂ ಒಲಿದು ಬಂದವು. ನಮ್ಮ ಏರಿಯ ಕೆಲಸ ಇನ್ನೂ ನಿಂತಿಲ್ಲ. ನಿಲ್ಲುವವರೆಗೆ ಕಾಯಬೇಕಾಗಿಯೂ ಇಲ್ಲ, ಎರಡೂ ಜೊತೆಗೇ ನಡೆಯಬಹುದು.

ಜೊತೆಗೇ ನಡೆಯುತ್ತಲೂ ಇವೆ. ಬೆಳಗಿನ ಹೊತ್ತು ಮೂಡಲಗಿ ಕಡೆಯ ಏರಿಯ ಮೇಲೆ ನಿಂತರೆ ಹಾಲಿನ ಕ್ಯಾನು ತೂಗುಹಾಕಿದ ಗಾಡಿ, ಮೇವಿನ ಹೊರೆ ಹೊತ್ತ ಹೆಣ್ಣುಮಕ್ಕಳು, ಶಾಲೆಗೆ ಹೊರಟ ಹುಡುಗರು ಎದುರಾಗುತ್ತಾರೆ. ಇವರಾರೂ ತಾವು ‘ಟ್ರೆಕಿಂಗ್’ ಮಾಡುತ್ತಿದ್ದೇವೆ ಅಂದುಕೊಂಡವರಲ್ಲ. ಡಾಂಬರು ರಸ್ತೆಯ ಕಡೆ ಹೊರಟವರನ್ನು ಕಂಡರೆ ಹೊಲದವರು, “ಅಣ್ಣಾರ, ಕೆನಾಲ ಏರಿ ಮ್ಯಾಲೆ ಹೋಗ್ರಿ, ರೋಡಿಗೆ ಕಬ್ಬಿನ ಗಾಡಿ ಭಾಳ ಅದಾವು” ಅನ್ನುತ್ತಾರೆ. ಅದು ಬರೀ ಉಪಚಾರದ ಮಾತಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳು ಶುರುವಾದರೆ ಮುಂದಿನ ನಾಲ್ಕೈದು ತಿಂಗಳು ಈ ಮೂರೂ ತಾಲ್ಲೂಕುಗಳ ರಸ್ತೆ ಟ್ರ್ಯಾಕ್ಟರುಗಳ ಪಾಲು. ಒಂದು ಎಂಜಿನ್ನಿಗೆ ಎರಡು ಟ್ರೇಲರು, ಟ್ರೇಲರಿನ ಅಗಲ ಮೀರಿ ಚಾಚಿದ ಕಬ್ಬು, ಕಿವಿ ಗಡಚಿಕ್ಕುವ ಹಾಡು, ಎಷ್ಟೋ ಸಲ ಹಿಂದೆ ಒಂದು ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ. ಸಂಜೆಗತ್ತಲಲ್ಲಿ ಅದರ ಪಕ್ಕ ಸೈಕಲ್ ತುಳಿಯುವ ಮಗುವಿಗೆ ಏರಿಯ ಹಾದಿಯೆಂದರೆ ಜೀವ ಉಳಿಸುವ ಹಾದಿ.

ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಊರಲ್ಲಿ ಹೈಸ್ಕೂಲಿಲ್ಲದ ಎಷ್ಟೋ ಹುಡುಗಿಯರು ಆ ಸೈಕಲ್ಲಿನಿಂದ ಓದು ಮುಂದುವರಿಸಿದರು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಸೈಕಲ್ ಕೊಟ್ಟ ವರ್ಷಗಳಲ್ಲೂ ಅದು ಓಡುವ ದಾರಿಯ ಬಗ್ಗೆ ಯೋಚಿಸಿದವರು ಕಡಿಮೆ. ಸೈಕಲ್ಲು ಶಿಕ್ಷಣ ಇಲಾಖೆಯದು, ರಸ್ತೆ ಲೋಕೋಪಯೋಗಿಯದು, ಏರಿ ನೀರಾವರಿ ನಿಗಮದ್ದು, ಗುಡ್ಡ ಅರಣ್ಯದವರದು. ಹೀಗೆ ಎಲ್ಲಕ್ಕೂ ಒಬ್ಬೊಬ್ಬ ಒಡೆಯನಿದ್ದಾನೆ, ಸೈಕಲ್ ತುಳಿಯುವ ಮಗುವಿನ ದಾರಿಗೆ ಮಾತ್ರ ಇಲ್ಲ. ವಿಚಿತ್ರವೆಂದರೆ, ರಾಜ್ಯಕ್ಕೆ ಹೆಸರು ತಂದ ಸೈಕ್ಲಿಂಗ್ ಪಟುಗಳಲ್ಲಿ ಬಹಳ ಮಂದಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳವರು. ಬಯಲುಸೀಮೆಯ ನೇರ ರಸ್ತೆಗಳಲ್ಲಿ, ಎದುರುಗಾಳಿಯಲ್ಲಿ ತುಳಿದು ಕಾಲು ಗಟ್ಟಿ ಮಾಡಿಕೊಂಡವರು.

ಏರಿಯ ಹಾದಿ ಹಿಡಿದು ಕಾಲುವೆಯ ಮೂಲಕ್ಕೆ ಹೋದರೆ ಧೂಪದಾಳದ ಒಡ್ಡು ಸಿಗುತ್ತದೆ. 19ನೇ ಶತಮಾನದ ಕೊನೆಗೆ ಕಟ್ಟಿದ ಈ ಒಡ್ಡಿನ ಹಿಂದೆ ನೀರು ನಿಂತು, ಹೂಳು ಕೂಡಿ, ನಡುಗಡ್ಡೆಗಳೆದ್ದು ಹಕ್ಕಿಗಳ ಬೀಡಾಯಿತು. 1974ರಲ್ಲಿ ಸುಮಾರು 30 ಚದರ ಕಿಲೋಮೀಟರ್ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಿದರು. ಚಳಿಗಾಲದಲ್ಲಿ ಇಲ್ಲಿಗೆ ಮಧ್ಯ ಏಷ್ಯಾದ ಕಡೆಯಿಂದ ಡೆಮೊಸಿಲ್ ಕ್ರೇನುಗಳೂ ಬಿಳಿ ಕೊಕ್ಕರೆಗಳೂ ಬರುತ್ತವೆ. ಡೆಮೊಸಿಲ್ ಕ್ರೇನು ಹಿಮಾಲಯದ ಕಣಿವೆಗಳನ್ನು ದಾಟಿ ಬರುವ ಹಕ್ಕಿ. ಹಾಗೆ ಬಂದದ್ದು ಗೋಕಾಕ ಸೀಮೆಯ ಕಡಲೆ, ಜೋಳದ ಹೊಲಗಳಲ್ಲಿ ಕಾಳು ಆರಿಸಿಕೊಂಡು, ಇರುಳಿಗೆ ನೀರಿನ ಅಂಚಿಗೆ ಮರಳಿ ತಂಗುತ್ತದೆ.

ನಡೆಯುವವರಿಗೆ ಇಲ್ಲಿ ಒಂದು ಎಚ್ಚರ ಬೇಕು. ಕಾರು ಬಿಟ್ಟು ಕಾಲ್ನಡಿಗೆಯಲ್ಲಿ ಬಂದೆವು, ಹೊಗೆಯಿಲ್ಲ, ಸದ್ದಿಲ್ಲ, ಆದ್ದರಿಂದ ನಮ್ಮಿಂದ ಯಾರಿಗೂ ತೊಂದರೆಯಿಲ್ಲ ಎಂದು ನಮಗೆ ಅನ್ನಿಸುತ್ತದೆ. ಹಕ್ಕಿಗೆ ಹಾಗನ್ನಿಸುವುದಿಲ್ಲ. ದೂರದಲ್ಲಿ ನಿಂತ ಜೀಪನ್ನು ಅದು ಎಷ್ಟೋ ಸಲ ಲೆಕ್ಕಕ್ಕೇ ಇಡುವುದಿಲ್ಲ. ಎರಡು ಕಾಲಿನ ಆಕಾರ ನೀರಿನತ್ತ ಇಳಿದು ಬರುವುದು ಕಂಡರೆ ಗುಂಪಿಗೆ ಗುಂಪೇ ಏಳುತ್ತದೆ. ಹಾಗೆ ಎದ್ದಾಗಲೆಲ್ಲ, ವಾಪಸು ಹಾರಾಟಕ್ಕೆಂದು ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲಿ ಒಂದಿಷ್ಟು ಕರಗುತ್ತದೆ. ಒಂದು ಒಳ್ಳೆಯ ಫೋಟೊಕ್ಕಾಗಿ ನಾವು ಇಟ್ಟ ಹತ್ತು ಹೆಜ್ಜೆಯ ಬೆಲೆಯನ್ನು ಅದು ಹಿಮಾಲಯದ ಮೇಲೆ ತೆರಬೇಕಾಗಬಹುದು. ಆದ್ದರಿಂದ ಒಳ್ಳೆಯ ದಾರಿ ಎಲ್ಲ ಕಡೆಗೂ ಕರೆದೊಯ್ಯಬಾರದು. ಹಕ್ಕಿ ತಂಗುವ ಜಾಗ ಬಂದಾಗ ಅದು ಗಿಡಗಳ ಮರೆಗೆ ಸರಿದು, ಬಳಸಿ ಮುಂದೆ ಹೋಗಬೇಕು. ನೀರಿಗೆ ತೀರ ಹತ್ತಿರ ಹೋಗದೆಯೂ ನೀರಿನ ಜೊತೆ ನಡೆಯಬಹುದು.

ಹುಕ್ಕೇರಿಯ ಕಡೆ ದಾರಿಗಳ ಕತೆಯೇ ಬೇರೆ. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 1977ರ ಹೊತ್ತಿಗೆ ಪೂರ್ಣಗೊಂಡಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಹೊತ್ತ ಈ ಜಲಾಶಯ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅಷ್ಟು ನೀರು ನಿಲ್ಲಲು ಊರುಗಳು ಎದ್ದುಹೋಗಬೇಕಾಯಿತು. ಹಿನ್ನೀರಿನ ಅಂಚಿನಲ್ಲಿ ಹಳೆಯ ಗಾಡಿದಾರಿಗಳು ನೇರವಾಗಿ ನೀರೊಳಗೆ ಇಳಿಯುತ್ತವೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹುನ್ನೂರಿನ ವಿಠ್ಠಲನ ಗುಡಿ ಹೊರಗೆ ಕಾಣಿಸುತ್ತದೆ, ಜನ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಹೋಗಿ ಕೈಮುಗಿದು ಬರುತ್ತಾರೆ. ಅವರಲ್ಲಿ ಕೆಲವರಿಗೆ ಅದು ಪ್ರವಾಸ, ಕೆಲವರಿಗೆ ತವರೂರಿನ ಓಣಿ. ಮೂಡಲಗಿ ಕಡೆ ಸೈಕಲ್ ತುಳಿಯಲು ಹದವಾದ ಏರಿಯೂ, ಅದರ ಪಕ್ಕದ ಹಸಿರು ಕಬ್ಬೂ ಈ ಮುಳುಗಡೆಯ ಋಣದಲ್ಲಿವೆ. ನೀರಿನ ದಂಡೆಯಲ್ಲಿ ನಡೆಯುವವರಿಗೆ ಈ ಲೆಕ್ಕ ತಿಳಿದಿರಬೇಕು. ತಿಳಿಯದೆ ನಡೆದರೆ ಕಣ್ಣಿಗೆ ಕಾಣುವುದು ಬರೀ ನೋಟ.

ನಡೆಯುವ ಚಟ ಈ ನಾಡಿಗೆ ಹೊಸದೂ ಅಲ್ಲ. ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ, ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು ಪಂಢರಪುರಕ್ಕೆ ಇಲ್ಲಿಯ ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಶ್ರೀಶೈಲದ ದಾರಿ ನೂರಾರು ಕಿಲೋಮೀಟರಿನದು. ಆ ದಾರಿಗೆ ಬಾಣದ ಗುರುತಿನ ಹಲಗೆಗಳಿಲ್ಲ, ಟಿಕೆಟ್ಟಿಲ್ಲ, ಮಾಹಿತಿ ಕೇಂದ್ರವಿಲ್ಲ. ಆದರೂ ಯಾರೂ ದಾರಿ ತಪ್ಪುವುದಿಲ್ಲ, ಹಸಿದು ಬೀಳುವುದಿಲ್ಲ. ಊರೂರಿನಲ್ಲಿ ನೀರಿನ ಅರವಟ್ಟಿಗೆ, ಮಜ್ಜಿಗೆ, ರೊಟ್ಟಿ ಪಲ್ಯ. ಮಲಗಲು ಗುಡಿಯ ಕಟ್ಟೆ. ಬೊಬ್ಬೆಯೆದ್ದ ಪಾದಕ್ಕೆ ಎಣ್ಣೆ ತಿಕ್ಕುವ ಕೈಗಳು. ದಾರಿಗೆ ಏನೇನು ಬೇಕೆಂಬ ಪಟ್ಟಿ ಇಷ್ಟೇ: ನೆರಳು, ನೀರು, ಕೂರಲು ಒಂದು ಕಟ್ಟೆ, ಕೇಳಿದರೆ ಹೇಳುವ ಮನುಷ್ಯ. ಇವತ್ತು ಪ್ರವಾಸಿ ತಾಣದ ಅಭಿವೃದ್ಧಿ ಎಂದರೆ ಮೊದಲು ಬರುವುದು ಸಿಮೆಂಟಿನ ಕಮಾನು, ಆಮೇಲೆ ಬಣ್ಣದ ಪೇವರ್ಸು, ಕೊನೆಗೆ ಊರಿನ ಹೆಸರಿನ ಸೆಲ್ಫಿ ಪಾಯಿಂಟು. ನೆರಳು ಕೊಡುವ ಬೇವು, ಹುಣಸೆ ಆ ಅಂದಾಜುಪಟ್ಟಿಯಲ್ಲಿ ಸಿಗುವುದು ಕಡಿಮೆ. ಕಡಿಯುವ ಪಟ್ಟಿಯಲ್ಲಿ ಸಿಕ್ಕರೂ ಸಿಗಬಹುದು.

ಗೋಕಾಕ ಫಾಲ್ಸಿನ ತೂಗುಸೇತುವೆಯನ್ನೇ ನೋಡಿ. ಸುಮಾರು 200 ಮೀಟರ್ ಉದ್ದದ ಆ ಸೇತುವೆಯ ಪಕ್ಕದಲ್ಲೇ, 1887ರಲ್ಲಿ ಜಲಪಾತದ ನೀರಿನ ಬಲದಿಂದ ಶುರುವಾದ ನೂಲಿನ ಗಿರಣಿ. ಹೊಳೆಯ ಆಚೀಚೆ ಓಡಾಡುವ ಜನರ ಅಗತ್ಯಕ್ಕೆ ಹುಟ್ಟಿದ ಸೇತುವೆ ಇವತ್ತು ಎಲ್ಲರ ಫೋಟೊದಲ್ಲೂ ಇದೆ. ಯೋಗಿಕೊಳ್ಳದ ಕಲ್ಲುದಾರಿ ಭಕ್ತರದು, ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ಎರಡು ಹಂತವಾಗಿ ಧುಮುಕುವ ಕಡೆಗೆ ಹೋಗುವ ಕಾಡುಹಾದಿ ದನಗಾಹಿಗಳದು, ಸಂಕೇಶ್ವರದ ಬಳಿಯ ವಲ್ಲಭಗಡದ ಏರುದಾರಿ ಕೋಟೆ ಕಾದವರದು. ಹೊರಗಿನವರು ಮೆಚ್ಚಿಕೊಂಡು ಬರುವ ಹಾದಿಗಳೆಲ್ಲ ಒಳಗಿನವರ ಕೆಲಸದಿಂದ ಸವೆದವು. ಬಳಕೆ ನಿಂತರೆ ಎರಡು ಮಳೆಗಾಲದಲ್ಲಿ ಜಾಲಿ ಬೆಳೆದು ಹಾದಿ ಮುಚ್ಚಿಹೋಗುತ್ತದೆ. ಯಾವ ಫಲಕವೂ ಅದನ್ನು ಕಾಯಲಾರದು.

ಹಾದಿ ತೆರೆಯುವಷ್ಟೇ ಮುಖ್ಯ ಅದನ್ನು ಮುಚ್ಚುವುದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರಿನ ಸೇತುವೆ ಮುಳುಗಿತು, ಗೋಕಾಕ ಪಟ್ಟಣದ ಓಣಿಗಳಿಗೆ ಹೊಳೆ ನುಗ್ಗಿತು. ಅದೇ ವರ್ಷ ಊರಿನ ನೆತ್ತಿಯ ಮೇಲಿನ ಮಲ್ಲಿಕಾರ್ಜುನ ಗುಡ್ಡದಲ್ಲಿ ಬಂಡೆಗಳು ಸಡಿಲಾಗಿ ಕೆಳಗಿನವರು ಮನೆ ಬಿಡಬೇಕಾಯಿತು. ನೀರು, ಕಲ್ಲು ಎರಡೂ ತಮ್ಮ ಜಾಗ ಬಿಟ್ಟು ಬರಬಲ್ಲವು ಎಂದು ಅರಿತ ಊರು ಇದು. ಜುಲೈ, ಆಗಸ್ಟಿನಲ್ಲಿ ಬಂಡೆಯಂಚಿನ ದಾರಿಗಳಿಗೆ ರಜೆ ಇರಲಿ. ಕಾಲುವೆ ತುಂಬಿ ಹರಿಯುವಾಗ ಈಜು ಬಲ್ಲವರೂ ಅದಕ್ಕೆ ಇಳಿಯದಿರಲಿ. ಇಳಿಜಾರಾದ ಸಿಮೆಂಟಿನ ಅಂಚು ಪಾಚಿಗಟ್ಟಿ ಜಾರುತ್ತದೆ, ಬಿದ್ದವರಿಗೆ ಹಿಡಿದು ಏರಲು ಆಸರೆ ಸಿಗುವುದಿಲ್ಲ. ಅಲ್ಲಲ್ಲಿ ಮೆಟ್ಟಿಲು, ಹಿಡಿಯಲು ಒಂದು ಸರಪಳಿ ಹಾಕಿದರೆ ಕಮಾನಿಗಿಂತ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ.

ಮುಂದೊಂದು ದಿನ ಈ ಸೀಮೆಯಲ್ಲಿ ಸೈಕಲ್ ಹಾದಿ, ನಡಿಗೆಯ ಹಾದಿ ಮಾಡುವ ಯೋಜನೆ ಬಂದೇ ಬರುತ್ತದೆ. ಮಿರಜ–ಲೋಂಡಾ ರೈಲು ಮಾರ್ಗದ ಮೇಲೆ ಘಟಪ್ರಭಾ, ಗೋಕಾಕ ರೋಡ್, ಪಾಶ್ಚಾಪುರ ನಿಲ್ದಾಣಗಳಿವೆ. ಇಳಿದು ನಡೆಯುವವರಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಆಗ ಯೋಜನೆಯ ಕಡತ ಹಿಡಿದು ಬಂದವರಿಗೆ ಊರಿನವರು ಒಂದೇ ಪ್ರಶ್ನೆ ಕೇಳಿದರೆ ಸಾಕು: ಎಂಟನೇ ತರಗತಿಯ ಹುಡುಗಿಯೊಬ್ಬಳು ಕಬ್ಬಿನ ಹಂಗಾಮಿನಲ್ಲಿ, ಸಂಜೆ ಐದೂವರೆಗೆ, ಒಬ್ಬಳೇ ಈ ಹಾದಿಯಲ್ಲಿ ಮನೆಗೆ ಹೋಗಬಲ್ಲಳೆ? ಹೌದು ಎಂಬ ಉತ್ತರ ಬಂದರೆ ಅಲ್ಲಿ ಪ್ರವಾಸಿಗರೂ ನಿಶ್ಚಿಂತೆಯಿಂದ ನಡೆದಾರು, ಸೈಕಲ್ ಪಟುಗಳೂ ತುಳಿದಾರು. ಅವಳನ್ನು ಮರೆತು, ಬರುವ ಅತಿಥಿಗಳಿಗೆಂದೇ ಮಾಡಿದ್ದಾದರೆ ಅತಿಥಿಗಳು ವಾರಕ್ಕೊಮ್ಮೆ ಬಂದು ಹೋಗುತ್ತಾರೆ, ಉಳಿದ ಆರು ದಿನ ಅದನ್ನು ಕಾಯುವವರು ಇರುವುದಿಲ್ಲ.