ಅತಿಭಾರಾರೋಪಣ

ಕೆಂಪಾಪುರದಂತಹ ಬಡಾವಣೆಯ ಬಹುಮಹಡಿ ಕಟ್ಟಡಕ್ಕೆ ದೊಡ್ಡ ಫ್ರಿಜ್ಜು ಬಂದಿತೆನ್ನಿ. ಲಿಫ್ಟಿಗೆ ಗೀರು ಬಿದ್ದೀತೆಂದು ಹಮಾಲರಿಬ್ಬರನ್ನು ಮೆಟ್ಟಿಲು ಹತ್ತಿಸುತ್ತೇವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಅದು ಎತ್ತಿನ ಗಾಡಿಯ ಕಾಲದ ಮಾತೆಂದು ನಾವು ನಿಶ್ಚಿಂತರಾಗಿದ್ದೇವೆ.

'ಕೂಲಿ ಕೊಟ್ಟಿದ್ದೇವಲ್ಲ' ಎಂಬುದು ನಮ್ಮ ವರ್ತಕರ ಸಿದ್ಧ ಉತ್ತರ. ಆದರೆ ಸೂತ್ರಕಾರರು ಅನ್ನಪಾನನಿರೋಧವನ್ನು ಬೇರೆಯೇ ಅತಿಚಾರವಾಗಿ ಎಣಿಸಿದ್ದಾರೆ. ಹೊಟ್ಟೆಗೆ ಕೊಟ್ಟ ಮಾತ್ರಕ್ಕೆ ಹೊರೆಯ ದೋಷ ಕಳೆಯುವುದಿಲ್ಲವೆಂದೇ ಇದರ ಅರ್ಥ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 1967ರ ಶಿಫಾರಸಿನಲ್ಲಿ ಪುರುಷನೊಬ್ಬನ ಹೊರೆಯನ್ನು 55 ಕಿಲೋಗೆ ಇಳಿಸಬೇಕೆಂದಿತು. ಮೆಟ್ಟಿಲಿನ ತಿರುವಿನಲ್ಲಾದರೋ ಭಾರದ ಬಹುಪಾಲು ಕೆಳಗಿನವನದೇ.

ಲಿಫ್ಟಿನ ಗೋಡೆಗೆ ಗೋಣಿ ಕಟ್ಟಬಹುದು. ಅದರಲ್ಲಿ ಹಿಡಿಸದಿದ್ದರೆ ನಾಲ್ವರ ಕೂಲಿ ತೆರಬೇಕು. ಅದು ದುಬಾರಿಯೆನಿಸಿದರೆ ಚಿಕ್ಕ ಫ್ರಿಜ್ಜನ್ನೇ ಕೊಳ್ಳಬೇಕು.